ಮುದ್ದೆ, ಅನ್ನ ಮತ್ತು ರಕ್ತದ ಸಕ್ಕರೆ

ಕಳೆದ ವರ್ಷ ಕಾರ್ತಿಕದಲ್ಲಿ ರಾಗಿ ಬೆಳೆಯ ಕ್ಷೇತ್ರೋತ್ಸವವೊಂದಕ್ಕೆ ಹೋಗಿದ್ದೆ. ತಳಿಗಳ ವಿಷಯ, ಬೆಂಕಿ ರೋಗದ ಹತೋಟಿ, ಗೊಬ್ಬರದ ಪ್ರಮಾಣ ಎಲ್ಲವನ್ನೂ ಹೇಳಿ ಮುಗಿಸಿ, ಸಂದೇಹಗಳಿದ್ದರೆ ಕೇಳಬಹುದು ಎಂದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ರೈತರೊಬ್ಬರು ಎದ್ದು ನಿಂತು, "ಸ್ವಾಮಿ, ರಾಗಿ ಬೆಳೆಯೋದು ಹೆಂಗೆ ಅಂತ ಹೇಳಿದಿರಿ. ನನಗೆ ಸಕ್ಕರೆ ಕಾಯಿಲೆ. ಬೆಳೆದ ರಾಗೀನ ನಾನು ಉಣ್ಣಬೌದೋ ಬ್ಯಾಡವೋ, ಅದನ್ನ ಹೇಳಿ" ಎಂದರು. ಸಭೆಯಲ್ಲಿ ಕೆಲವರು ನಕ್ಕರು. ನಗದೆ ಉತ್ತರಕ್ಕೆ ಕಾದವರೇ ಹೆಚ್ಚು. ಒಬ್ಬರಿಗೆ ಯಾರೋ "ಅನ್ನ ಬಿಟ್ಟು ಮುದ್ದೆ ತಿನ್ನಿ" ಎಂದಿದ್ದರು, ಇನ್ನೊಬ್ಬರಿಗೆ "ಮುದ್ದೆ ಬಿಟ್ಟು ಚಪಾತಿ ತಿನ್ನಿ" ಎಂದಿದ್ದರು, ಮೂರನೆಯವರು ನವಣೆ, ಸಾಮೆ ತಿಂದರೆ ಕಾಯಿಲೆಯೇ ವಾಸಿಯಾಗುತ್ತದೆಂದು ನಂಬಿ ಕಿಲೋಗೆ ನೂರಾರು ರೂಪಾಯಿ ತೆತ್ತಿದ್ದರು.

ಈ ಬರಹದ ಲೇಖಕ ಬೇಸಾಯಶಾಸ್ತ್ರದವನು, ವೈದ್ಯನಲ್ಲ. ಯಾರು ಯಾವ ಮಾತ್ರೆ ನುಂಗಬೇಕೆಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಕಾಳಿನಲ್ಲಿ ಏನಿದೆ, ಬೀಸಿದಾಗ, ಬೇಯಿಸಿದಾಗ ಅದು ಏನಾಗುತ್ತದೆ ಎಂಬುದು ನಮ್ಮ ವಿಷಯವೇ ಆಗಿದೆ. ಸಕ್ಕರೆ ಕಾಯಿಲೆ ಪೇಟೆಯವರದು ಎಂಬ ಮಾತೂ ಈಗ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಈ ಕಾಯಿಲೆಯಿದೆ. ಹಳ್ಳಿಗಳಲ್ಲೇ ನೂರಕ್ಕೆ 9ರ ಹತ್ತಿರ ಬಂದಿದೆ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರ ಸಂಖ್ಯೆ ಕಾಯಿಲೆ ಬಂದವರಿಗಿಂತಲೂ ಹೆಚ್ಚು.

ಪಿಷ್ಟ ಸಕ್ಕರೆಯಾಗುವ ಬಗೆ

ರಾಗಿ, ಅಕ್ಕಿ, ಜೋಳ, ಗೋಧಿ ಇವೆಲ್ಲವುಗಳಲ್ಲಿ ಬಹುಪಾಲು ಇರುವುದು ಪಿಷ್ಟ. ಪಿಷ್ಟವೆಂದರೆ ಗ್ಲೂಕೋಸ್ ಎಂಬ ಸಕ್ಕರೆಯ ಕಣಗಳು ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡಿರುವ ವಸ್ತು. ಈ ಸರಪಳಿಗಳಲ್ಲಿ ಎರಡು ಬಗೆ. ಕವಲಿಲ್ಲದೆ ನೀಳವಾಗಿರುವುದು ಅಮೈಲೋಸ್. ಮರದ ಕೊಂಬೆಗಳಂತೆ ಕವಲೊಡೆದಿರುವುದು ಅಮೈಲೋಪೆಕ್ಟಿನ್. ಕವಲು ಹೆಚ್ಚಿದಷ್ಟೂ ಜೀರ್ಣರಸಕ್ಕೆ ಕತ್ತರಿಸಲು ತುದಿಗಳು ಹೆಚ್ಚು ಸಿಗುವುದರಿಂದ ಅದು ಬೇಗ ಕರಗುತ್ತದೆ. ಅಂಟಂಟಾಗುವ ಅಕ್ಕಿಗಿಂತ ಉದುರುದುರಾಗುವ ಅಕ್ಕಿಯಲ್ಲಿ ಅಮೈಲೋಸ್ ಹೆಚ್ಚಿರುತ್ತದೆ.

ಹಸಿ ಕಾಳಿನಲ್ಲಿ ಪಿಷ್ಟ ಗಟ್ಟಿಯಾದ ಹರಳಿನಂತೆ ಇರುತ್ತದೆ. ನೀರು ಹಾಕಿ ಬೇಯಿಸಿದಾಗ ನೀರು ಹೀರಿ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಬಾಯಲ್ಲಿ ಜೊಲ್ಲು, ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸ ಅದನ್ನು ತುಂಡರಿಸಿ ಗ್ಲೂಕೋಸ್ ಮಾಡುತ್ತವೆ. ಅದು ರಕ್ತಕ್ಕೆ ಸೇರುತ್ತದೆ.

ಇಲ್ಲಿ ಒಂದು ಲೆಕ್ಕ ನೋಡಿ. ವಯಸ್ಕನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತನ ಬರಿಹೊಟ್ಟೆಯಲ್ಲಿ ಪ್ರತಿ 100 ಮಿಲಿ ಲೀಟರ್ ರಕ್ತದಲ್ಲಿ 100 ಮಿಲಿಗ್ರಾಮಿಗಿಂತ ಕಡಿಮೆ ಗ್ಲೂಕೋಸ್ ಇರುತ್ತದೆ. ಎಂದರೆ ಇಡೀ ರಕ್ತದಲ್ಲಿ ಇರುವ ಸಕ್ಕರೆ 5 ಗ್ರಾಂ, ಒಂದು ಟೀ ಚಮಚೆಯಷ್ಟು ಮಾತ್ರ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಶರ್ಕರಪಿಷ್ಟ ಸುಮಾರು 67 ಗ್ರಾಂ. ಉಂಡ ಎರಡು ಮೂರು ಗಂಟೆಗಳಲ್ಲಿ ಇಷ್ಟೂ ಆ 5 ಲೀಟರಿನ ಮೂಲಕವೇ ಹಾದುಹೋಗಬೇಕು. ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಎಂಬ ರಸವು ಸ್ನಾಯುಗಳಿಗೂ ಪಿತ್ತಜನಕಾಂಗಕ್ಕೂ ತೂಬು ಎತ್ತಿದಂತೆ ದಾರಿ ಮಾಡಿ ಸಕ್ಕರೆಯನ್ನು ಒಳಗೆ ಬಿಡುತ್ತದೆ. ಇನ್ಸುಲಿನ್ ಸಾಲದಿದ್ದರೆ, ಇಲ್ಲವೆ ಇದ್ದರೂ ಮೈ ಅದಕ್ಕೆ ಓಗೊಡದಿದ್ದರೆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. ಹೀಗೆ ವರ್ಷಗಟ್ಟಲೆ ನಿಂತರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಕೆಡುತ್ತವೆ.

ಇದೇ ಕಾರಣಕ್ಕೆ ಎಷ್ಟು ಉಂಡೆವು ಎಂಬುದರ ಜೊತೆಗೆ ಅದು ಎಷ್ಟು ವೇಗವಾಗಿ ರಕ್ತಕ್ಕೆ ಬಂತು ಎಂಬುದೂ ಮುಖ್ಯ. ಎರಡು ಅಂಗುಲ ಮಳೆ ಅರ್ಧ ಗಂಟೆಯಲ್ಲಿ ಸುರಿದರೆ ಬದು ಒಡೆದು ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅದೇ ಎರಡು ಅಂಗುಲ ಸೋನೆಯಾಗಿ ಇಡೀ ದಿನ ಹಿಡಿದರೆ ಹೊಲ ಕುಡಿಯುತ್ತದೆ. ಊಟವಾದ ಮೇಲೆ ಸಕ್ಕರೆ ಏರುವ ವೇಗವನ್ನು ಅಳೆದು ಆಹಾರಗಳಿಗೆ ಅಂಕ ಕೊಡುವ ಪದ್ಧತಿಯನ್ನು 1981ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ತಂದರು. ಅದೇ ಊರಿನಲ್ಲಿ 1921ರಲ್ಲಿ ಇನ್ಸುಲಿನ್ ಕಂಡುಹಿಡಿಯಲಾಗಿತ್ತು.

ರಾಗಿಯೋ, ಅಕ್ಕಿಯೋ, ಗೋಧಿಯೋ?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ, ನಾರು 3 ಗ್ರಾಮಿಗಿಂತ ಕಡಿಮೆ. ರಾಗಿಯಲ್ಲಿ ಶರ್ಕರಪಿಷ್ಟ 67, ನಾರು 11. ಜೋಳದಲ್ಲಿ 68 ಮತ್ತು 10. ಇಡಿ ಗೋಧಿ ಹಿಟ್ಟಿನಲ್ಲಿ 64 ಮತ್ತು 11. ಅಕ್ಕಿಗೂ ಉಳಿದವಕ್ಕೂ ನಾರಿನಲ್ಲಿ ದೊಡ್ಡ ಅಂತರವಿದೆ. ಆದರೆ ರಾಗಿಗೂ ಗೋಧಿಗೂ ಇರುವ ಅಂತರ ಎಷ್ಟೆಂದು ನೀವೇ ಗಮನಿಸಿ. ಒಂದು ಮುದ್ದೆ ಬಿಟ್ಟು ಐದು ಚಪಾತಿ ತಿಂದವರಿಗೆ ಏನೂ ಲಾಭವಾಗದಿರುವುದು ಇದರಿಂದಲೇ. ಚಪಾತಿಯ ಹೆಸರಿನಲ್ಲಿ ಮೈದಾ ತಿಂದರಂತೂ ನಷ್ಟ.

ರಾಗಿಗೆ ತನ್ನದೇ ಗುಣಗಳಿವೆ. ಅದರ ಸಿಪ್ಪೆಯಲ್ಲಿರುವ ಒಗರು ಪದಾರ್ಥಗಳು ಪಿಷ್ಟ ಕತ್ತರಿಸುವ ಜೀರ್ಣರಸವನ್ನು ಸ್ವಲ್ಪ ತಡೆಯುತ್ತವೆಂದು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ತೋರಿಸಿದ್ದಾರೆ. ಸುಣ್ಣದಂಶವಂತೂ ಬೇರೆ ಯಾವ ಏಕದಳ ಧಾನ್ಯದಲ್ಲೂ ಇಷ್ಟಿಲ್ಲ. ಆದರೆ ಈ ಸಿಪ್ಪೆ ಹಿಟ್ಟಿನಲ್ಲಿ ಉಳಿದರೆ ಮಾತ್ರ ಫಲ. ಬೆಳ್ಳಗಿರಲಿ, ನುಣ್ಣಗಿರಲಿ ಎಂದು ಗಿರಣಿಯಲ್ಲಿ ಎರಡು ಸಲ ಹಾಕಿಸಿ, ಸಣ್ಣ ಜರಡಿಯಲ್ಲಿ ಆಡಿಸಿ ತವುಡನ್ನು ಎಮ್ಮೆಗೆ ಹಾಕಿದರೆ ಎಮ್ಮೆಗೆ ಲಾಭ. ಹಿಟ್ಟು ನುಣ್ಣಗಾದಷ್ಟೂ ಜೀರ್ಣರಸ ತಾಗುವ ಮೈ ಹೆಚ್ಚಾಗಿ ಸಕ್ಕರೆ ಬೇಗ ಏರುತ್ತದೆ. ರಾಗಿಯಾದ ಮಾತ್ರಕ್ಕೆ ಸಕ್ಕರೆ ಏರುವುದಿಲ್ಲ ಎಂಬುದು ಸರಿಯಲ್ಲ. ನುಣುಪಾದ ಹಿಟ್ಟಿನ ದೊಡ್ಡ ಮುದ್ದೆಯನ್ನು ತಿಳಿಸಾರಿನಲ್ಲಿ ಅದ್ದಿ ನುಂಗಿದರೆ ಅನ್ನದಷ್ಟೇ ಏರಬಹುದು.

ಇನ್ನೂ ಎಚ್ಚರ ಬೇಕಾದದ್ದು ರಾಗಿ ಮಾಲ್ಟಿನ ವಿಷಯದಲ್ಲಿ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟ ಆಗಲೇ ಸಕ್ಕರೆಯಾಗಲು ತೊಡಗಿರುತ್ತದೆ. ಮಾಲ್ಟಿನ ರುಚಿಯೂ ಅದರಿಂದಲೇ ಬರುವುದು. ಎಳೆ ಮಕ್ಕಳಿಗೆ ಅದು ಉತ್ತಮ ಆಹಾರ. ಸಕ್ಕರೆ ಕಾಯಿಲೆಯವರು ಅದಕ್ಕೆ ಬೆಲ್ಲವನ್ನೂ ಬೆರೆಸಿ "ರಾಗಿಯಲ್ಲವೇ" ಎಂದು ಬೆಳಗ್ಗೆ ಒಂದು ಲೋಟ ಕುಡಿಯುವುದು ಮಾತ್ರ ತಪ್ಪು. ಕಬ್ಬು ಬೆಳೆಗಾರರು ಬೇಸರಿಸಬಾರದು, ಬೆಲ್ಲಕ್ಕೂ ಸಕ್ಕರೆಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ನವಣೆ, ಸಾಮೆ, ಹಾರಕಗಳೂ ಒಳ್ಳೆಯ ಧಾನ್ಯಗಳೇ. ಅವು ಬಿಳಿ ಅಕ್ಕಿಗಿಂತ ಮೇಲು. ಅವು ಔಷಧಿಯಲ್ಲ.

ನನ್ನಿಂದಲೇ ಆದ ತಪ್ಪು

ನಮ್ಮ ಅಣ್ಣ ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಕಾಯಿಲೆ ಗೊತ್ತಾಗಿ ವೈದ್ಯರು ಬೆಳಗಿನ ಮಾತ್ರೆ ಕೊಟ್ಟರು. ನಾನು ಊರಿಗೆ ಹೋದಾಗ, ಓದಿದವನೆಂಬ ಗತ್ತಿನಲ್ಲಿ, "ಅಣ್ಣಯ್ಯ, ಮುದ್ದೆ ಅನ್ನ ಎರಡೂ ಬಿಟ್ಟುಬಿಡು" ಎಂದೆ. ಅವನು ನನ್ನ ಮಾತು ನಂಬಿ ಬಿಟ್ಟೇಬಿಟ್ಟ. ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ. ಹತ್ತು ದಿನವಾಗಿರಬಹುದು, ಬೆಳಗ್ಗೆ ಮಾತ್ರೆ ನುಂಗಿ ಒಂದು ಲೋಟ ಮಜ್ಜಿಗೆ ಕುಡಿದು ಕಳೆ ತೆಗೆಸಲು ಹೊಲಕ್ಕೆ ಹೋದವನು ಹನ್ನೊಂದು ಗಂಟೆಗೆ ಬದುವಿನ ಮೇಲೆ ಕುಸಿದ. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಬಿಸಿಲು ಬಡಿಯಿತೆಂದು ಆಳುಗಳು ನೀರು ತಟ್ಟಿದರು. ಅತ್ತಿಗೆಗೆ ಏನು ತೋಚಿತೋ, ಬುತ್ತಿಯ ಜೊತೆ ತಂದಿದ್ದ ಬೆಲ್ಲವನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಅವನಿಗೆ ಇನ್ನೂ ನುಂಗುವಷ್ಟು ಎಚ್ಚರವಿದ್ದುದರಿಂದ ಬದುಕಿದ.

ಅವನಿಗಾದದ್ದು ಸಕ್ಕರೆ ಇಳಿತ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಮತ್ತು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ, ಇನ್ಸುಲಿನ್ ಹೊರಡಿಸುವ ಮಾತ್ರೆ ನುಂಗುವವರಿಗೆ ಊಟ ತಪ್ಪಿದರೆ ಅಥವಾ ಎಂದಿಗಿಂತ ಹೆಚ್ಚು ದುಡಿದರೆ ಇದು ಆಗಬಹುದು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಪಾಯದ ಸೂಚನೆ. ಆಗ ಮೂರು ಟೀ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕುಡಿಯಬೇಕು, ಆಮೇಲೆ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೊಲಕ್ಕೆ ಹೋಗುವಾಗ ಅಂಗಿಯ ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಲಿ, ಜೊತೆಯವರಿಗೆ ಕಾಯಿಲೆಯ ವಿಷಯ ತಿಳಿದಿರಲಿ. ಉಣ್ಣುವ ಪಿಷ್ಟವನ್ನು ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಿ, ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಕೇಳಿಕೊಳ್ಳಿ. ಇದನ್ನು ನಾನು ನಮ್ಮ ಅಣ್ಣನಿಗೆ ಹೇಳಿರಲಿಲ್ಲ.

ದುಡಿಮೆ ಇಳಿಯಿತು, ಮುದ್ದೆ ಇಳಿಯಲಿಲ್ಲ

ನಮ್ಮ ತಂದೆ ದಿನಕ್ಕೆ ಮೂರು ಹೊತ್ತು ದೊಡ್ಡ ಮುದ್ದೆ ಉಂಡವರು, ಸಕ್ಕರೆ ಕಾಯಿಲೆ ಏನೆಂದು ಅರಿಯದವರು. ಈ ಮಾತನ್ನು ನನಗೆ ಎಷ್ಟೋ ರೈತರು ಹೇಳಿದ್ದಾರೆ. ನಿಜವೇ. ಆದರೆ ಅವರು ನೇಗಿಲ ಹಿಂದೆ ದಿನವಿಡೀ ನಡೆಯುತ್ತಿದ್ದರು, ಕಪಿಲೆ ಹೊಡೆಯುತ್ತಿದ್ದರು, ಸಂತೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಕೆಲಸ ನಿಂತ ಮೇಲೂ ಹಲವು ಗಂಟೆಗಳ ಕಾಲ ಖಾಲಿಯಾದ ತನ್ನ ದಾಸ್ತಾನು ತುಂಬಿಕೊಳ್ಳುತ್ತದೆ. ಈಗ ಉಳುವುದು ಟ್ರ್ಯಾಕ್ಟರು, ನೀರೆತ್ತುವುದು ಮೋಟಾರು, ಹೊಲಕ್ಕೆ ಒಯ್ಯುವುದು ಬೈಕು. ಬೇಸಾಯದ ಯಂತ್ರಗಳನ್ನು ಬೇಡವೆನ್ನುವವನಲ್ಲ ನಾನು. ಬೆನ್ನು ಮುರಿಯುವ ದುಡಿಮೆ ಯಾರಿಗೂ ಬೇಡ. ಆದರೆ ತಟ್ಟೆಯಲ್ಲಿ ಮಾತ್ರ ಎತ್ತಿನ ಕಾಲದ ಮುದ್ದೆಯೇ ಉಳಿದಿದೆ.

ರಾತ್ರಿಯ ಊಟವನ್ನೇ ನೋಡಿ. ಹಗಲೆಲ್ಲ ಅಷ್ಟಿಷ್ಟು ತಿಂದು ರಾತ್ರಿ ಒಂಬತ್ತೂವರೆಗೆ ಎರಡು ಮುದ್ದೆ, ಮೇಲೆ ಅನ್ನ, ಕೂಡಲೇ ಹಾಸಿಗೆ. ಬೇಗ ಉಂಡು ಊಟದ ಬಳಿಕ ಹದಿನೈದು ನಿಮಿಷ ಬೀದಿಯಲ್ಲಿ ನಡೆದರೆ ಸಕ್ಕರೆಯ ಏರಿಕೆ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಓಡಬೇಕಾಗಿಲ್ಲ.

ತಟ್ಟೆಯಲ್ಲಿ ಅಕ್ಕಡಿ

ಹಿಂದೆ ರಾಗಿ ಹೊಲದಲ್ಲಿ ರಾಗಿಯೊಂದೇ ಇರುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಬದುವಿನಲ್ಲಿ ಹರಳು. ಕಳೆ ಕೀಳುವ ಹೆಂಗಸರು ಸಂಜೆ ಮಡಿಲಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು ತರುತ್ತಿದ್ದರು. ಹೊಲದಲ್ಲಿದ್ದುದೇ ತಟ್ಟೆಗೆ ಬರುತ್ತಿತ್ತು: ಮುದ್ದೆಯ ಜೊತೆ ಬಸ್ಸಾರು, ಬಸಿದ ಸೊಪ್ಪು ಕಾಳಿನ ಪಲ್ಯ. ಯಾರೂ ಪೋಷಣಶಾಸ್ತ್ರ ಓದಿ ಮಾಡಿದ ಊಟವಲ್ಲ ಅದು, ಆದರೆ ಸಕ್ಕರೆಯನ್ನು ತಡೆದು ನಿಲ್ಲಿಸುವ ಎಲ್ಲವೂ ಅದರಲ್ಲಿತ್ತು. ಸೊಪ್ಪಿನ ಮತ್ತು ಕಾಳಿನ ನಾರು ಕರುಳಿನಲ್ಲಿ ಲೋಳೆಯಂತಾಗಿ ಪಿಷ್ಟವನ್ನು ಹಿಡಿದುಕೊಳ್ಳುತ್ತದೆ. ಕಾಳಿನ ಸಸಾರಜನಕ, ಒಗ್ಗರಣೆಯ ಎಣ್ಣೆ ಜಠರದಿಂದ ಆಹಾರ ಕೆಳಗಿಳಿಯುವುದನ್ನು ನಿಧಾನ ಮಾಡುತ್ತವೆ. ಹುಣಸೆ, ನಿಂಬೆಯ ಹುಳಿಯೂ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಮಾಡುತ್ತದೆ. ದ್ವಿದಳ ಕಾಳುಗಳ ಪಿಷ್ಟವೂ ಧಾನ್ಯಗಳ ಪಿಷ್ಟಕ್ಕಿಂತ ಬಹಳ ನಿಧಾನವಾಗಿ ಕರಗುವಂಥದು.

ಕಳೆನಾಶಕ ಬಂದ ಮೇಲೆ ಹೊಲದ ಸೊಪ್ಪು ಹೋಯಿತು. ಅಣ್ಣೆಸೊಪ್ಪನ್ನು ಕಳೆಗಳ ಪಟ್ಟಿಯಲ್ಲಿ ಬರೆದು ಹಂಚಿದವರಲ್ಲಿ ನಾನೂ ಒಬ್ಬ. ಒಂದೇ ಬೆಳೆಯೆಂದು ಅಕ್ಕಡಿಯೂ ಹಲವು ಕಡೆ ಹೋಯಿತು. ತಟ್ಟೆಯಲ್ಲಿ ಉಳಿದದ್ದು ಮುದ್ದೆ ಮತ್ತು ಟೊಮೆಟೊ ತಿಳಿಸಾರು.

ಆದ್ದರಿಂದ ಮುದ್ದೆ ಉಣ್ಣಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಉಣ್ಣಿ, ಆದರೆ ಅಕ್ಕಡಿಯ ಸಮೇತ ಉಣ್ಣಿ. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಗಟ್ಟಿ ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮುದ್ದೆಯೋ ಅನ್ನವೋ ರೊಟ್ಟಿಯೋ. ಆಲೂಗೆಡ್ಡೆ, ಗೆಣಸುಗಳನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯಬೇಡಿ, ಅವು ಪಿಷ್ಟದ ಲೆಕ್ಕಕ್ಕೇ ಸೇರಬೇಕು. ಮುದ್ದೆ ಉಂಡು ಮೇಲೆ ಅನ್ನ ಬಡಿಸಿಕೊಳ್ಳುವ ರೂಢಿ ನಮ್ಮ ಕಡೆ ಇದೆ. ಎರಡರಲ್ಲಿ ಒಂದು ಸಾಕು. ತಿನ್ನುವ ಅನುಕ್ರಮವೂ ಲೆಕ್ಕಕ್ಕೆ ಬರುತ್ತದೆ. ಪಲ್ಯ, ಕಾಳನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದಾಗ ಅದೇ ಊಟದಿಂದ ಸಕ್ಕರೆ ಕಡಿಮೆ ಏರುತ್ತದೆಂದು ಜಪಾನ್ ಮತ್ತು ಅಮೆರಿಕದಲ್ಲಿ ನಡೆದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮೂತ್ರಪಿಂಡ ಕೆಟ್ಟಿರುವವರು ಮಾತ್ರ ಕಾಳಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಇದನ್ನು ಹೊಲದಿಂದಲೇ ಶುರು ಮಾಡಬಹುದು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೆ ಎಂಟಕ್ಕೆ ಒಂದು ಸಾಲು ಅವರೆ ಹಾಕಿದರೆ ಮನೆಗೆ ವರ್ಷದ ಕಾಳು ಬರುತ್ತದೆ, ಭೂಮಿಗೂ ಸಾರಜನಕ ಸಿಗುತ್ತದೆ. ಮಳೆ ತಡವಾಗಿ ರಾಗಿ ಬಿತ್ತಲಾಗದ ವರ್ಷವೂ ಹುರುಳಿ ಕೈಬಿಡುವುದಿಲ್ಲ. ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಸಸಾರಜನಕವಿದೆ. ದನಕ್ಕೆ ಬೇಯಿಸಿ ಹಾಕುವ ಕಾಳೆಂದು ಅದನ್ನು ಹಗುರವಾಗಿ ಕಾಣಬಾರದು. ಬಚ್ಚಲ ನೀರು ಹರಿಯುವ ಕಡೆ ಎರಡು ಮಡಿ ದಂಟು, ಮೆಂತ್ಯ, ನುಗ್ಗೆಯ ಒಂದು ಗಿಡ ಇದ್ದರೆ ಸೊಪ್ಪಿಗೆ ಸಂತೆ ಕಾಯಬೇಕಾಗಿಲ್ಲ.

ಮೆಂತ್ಯದ ಕಾಳಿನ ವಿಷಯವಾಗಿ ಒಂದು ಮಾತು. ಅದರ ಲೋಳೆ ನಾರು ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯವರು 1990ರ ಸುಮಾರಿಗೇ ಪ್ರಕಟಿಸಿದ್ದಾರೆ. ನೆನೆಸಿದ ಕಾಳನ್ನೇ ತಿನ್ನಬೇಕು. ಬರಿಯ ನೀರು ಕುಡಿದು ಕಾಳು ಚೆಲ್ಲಿದರೆ ನಾರು ಕಾಳಿನ ಜೊತೆಗೇ ಹೋಗುತ್ತದೆ.

ಅನ್ನವನ್ನೇ ಉಣ್ಣುವ ಕಡೆಯವರಿಗೆ ಎರಡು ವಿಷಯ. ಕರಾವಳಿಯ ಕುಚ್ಚಲಕ್ಕಿಯ ಪಿಷ್ಟ ಒಮ್ಮೆ ಬೆಂದು ಒಣಗಿ ಮತ್ತೆ ಗಟ್ಟಿಕಟ್ಟಿರುವುದರಿಂದ ಸಾಮಾನ್ಯವಾಗಿ ಬೆಳ್ತಿಗೆಗಿಂತ ಸ್ವಲ್ಪ ನಿಧಾನ. ಬೇಯಿಸಿದ ಅನ್ನ ಆರಿದಾಗಲೂ ಪಿಷ್ಟದ ಒಂದು ಚಿಕ್ಕ ಪಾಲು ಹಾಗೆಯೇ ಗಟ್ಟಿಯಾಗಿ ಜೀರ್ಣವಾಗದೆ ನಾರಿನಂತೆ ಸಾಗಿಹೋಗುತ್ತದೆ. ಮೊಸರು ಕಲಸಿದ ತಂಗಳನ್ನ ಬಿಸಿ ಅನ್ನಕ್ಕಿಂತ ಈ ಮಟ್ಟಿಗೆ ವಾಸಿ. ಲಾಭ ದೊಡ್ಡದಲ್ಲ, ತಂಗಳೆಂದು ಎರಡರಷ್ಟು ಉಂಡರೆ ಅದೂ ಇಲ್ಲ. ಬೇಸಗೆಯಲ್ಲಿ ಹಳಸಿದ್ದನ್ನಂತೂ ತಿನ್ನಬೇಡಿ.

ನಿಮ್ಮದೇ ಹೋಲಿಕೆ ತಾಕು

ಒಂದೇ ಊಟ ಇಬ್ಬರಲ್ಲಿ ಒಂದೇ ರೀತಿ ಸಕ್ಕರೆ ಏರಿಸುವುದಿಲ್ಲ. ಆದ್ದರಿಂದ ಹೊಸ ತಳಿಯನ್ನು ಹಳೆಯದರ ಪಕ್ಕದಲ್ಲೇ ಬಿತ್ತಿ ನೋಡುವಂತೆ ಊಟವನ್ನೂ ನೋಡಬೇಕು. ಅಣ್ಣ ಸುಧಾರಿಸಿ, ವೈದ್ಯರು ಮಾತ್ರೆ ಬದಲಿಸಿಕೊಟ್ಟ ಮೇಲೆ ಅವರಿಗೆ ತಿಳಿಸಿಯೇ ನಾವು ಇದನ್ನು ಮಾಡಿದೆವು. ಸಕ್ಕರೆ ಅಳೆಯುವ ಚಿಕ್ಕ ಯಂತ್ರ ಕೊಂಡೆವು. ನಾಲ್ಕು ದಿನ ರಾತ್ರಿ ಎರಡು ಮುದ್ದೆ, ತಿಳಿಸಾರು. ಇನ್ನು ನಾಲ್ಕು ದಿನ ಅದೇ ಹೊತ್ತಿಗೆ, ಅದೇ ಹಿಟ್ಟಿನ ಒಂದು ಮುದ್ದೆ, ಹುರುಳಿಕಾಳಿನ ಗಟ್ಟಿ ಸಾರು, ಸೊಪ್ಪಿನ ಪಲ್ಯ. ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಅಳತೆ. ಮೊದಲ ನಾಲ್ಕು ದಿನ 240ರ ಮೇಲೇ ಇದ್ದದ್ದು ಮುಂದಿನ ನಾಲ್ಕರಲ್ಲಿ ಮೂರು ದಿನ 190ರೊಳಗೆ ಬಂತು. ಒಂದು ದಿನ ಏರಿತ್ತು. ಮದುವೆ ಮನೆಯಿಂದ ಬಂದಿದ್ದ ಪಾಯಸ ಕುಡಿದದ್ದನ್ನು ಅವನು ಮರುದಿನ ಒಪ್ಪಿಕೊಂಡ. ಇದು ಒಬ್ಬ ಮನುಷ್ಯನ ಲೆಕ್ಕ, ನಿಮ್ಮದು ಬೇರೆಯಾಗಬಹುದು. "ಒಂದು ಮುದ್ದೆಗೆ ಹೊಟ್ಟೆ ತುಂಬ್ತದೇನೋ?" ಎಂದು ಮೊದಲು ನನ್ನ ಮೇಲೆ ರೇಗಿದ್ದವನು ಕಾಳು ಗಟ್ಟಿಯಾಗಿದ್ದ ದಿನ ಮತ್ತೆ ಕೇಳಲಿಲ್ಲ.

ಕಾಯಿಲೆಯಿರುವ ವಯಸ್ಕರಲ್ಲಿ ಸಾಮಾನ್ಯವಾಗಿ ಊಟಕ್ಕೆ ಮುಂಚೆ 80ರಿಂದ 130, ಊಟದ ಬಳಿಕ 180ರೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ವಯಸ್ಸು, ಇತರ ಕಾಯಿಲೆಗಳನ್ನು ನೋಡಿ ವೈದ್ಯರು ಇದನ್ನು ಬದಲಿಸುತ್ತಾರೆ. ಕಾಯಿಲೆ ಇದೆಯೋ ಇಲ್ಲವೋ ತಿಳಿಯದವರು, ಮೂವತ್ತು ದಾಟಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಬರಿಹೊಟ್ಟೆಯ ಅಳತೆ 126 ಅಥವಾ ಹೆಚ್ಚು ಬಂದು, ಇನ್ನೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಕಾಯಿಲೆ ಇದೆಯೆಂದು ಅರ್ಥ. 100ರಿಂದ 125ರ ನಡುವೆ ಇದ್ದರೆ ಹೊಸ್ತಿಲಲ್ಲಿದ್ದೀರಿ. ಊಟ ಮತ್ತು ನಡಿಗೆಯಿಂದ ಹಿಂದಕ್ಕೆ ಬರಲು ಸಾಧ್ಯವಿರುವುದು ಆಗಲೇ.

ಯಂತ್ರದ ಕಡ್ಡಿಗಳ ಡಬ್ಬಿಯನ್ನು ಬಿಸಿಲಿನಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ಇಡಬೇಡಿ, ಮುಚ್ಚಳ ಬಿಗಿಯಾಗಿರಲಿ. ಬೆರಳು ಚುಚ್ಚುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಆಲೆಮನೆಯಲ್ಲಿ ಕೆಲಸ ಮಾಡಿ ಬಂದ ಕೈಯಲ್ಲೇ ಚುಚ್ಚಿಕೊಂಡರೆ, ಬೆರಳಿಗೆ ಅಂಟಿದ ಬೆಲ್ಲವೂ ರಕ್ತದ ಲೆಕ್ಕಕ್ಕೆ ಸೇರಿಬಿಡುತ್ತದೆ.